ನಾನೂರು ನಂಬರಿನ ಕಾಗದ

ಉದ್ದ ಒಂದು ಗೇಣು, ಅಗಲ ನಾಲ್ಕು ಬೆರಳು. ಒಂದು ಬದಿಗೆ ಬೂದು ಬಣ್ಣದ ತರಿ. ಆ ತರಿಯ ಅರ್ಧಕ್ಕೆ ಕಡುಗೆಂಪು ಪುಡಿ ಮೆತ್ತಿಕೊಂಡಿದೆ, ಉಳಿದರ್ಧಕ್ಕೆ ಜೇನಿನ ಬಣ್ಣದ ಪುಡಿ. ನಡುವೆ ಗೆರೆ ಎಳೆದ ಹಾಗೆ ಮಡಿಕೆಯ ಗುರುತು. ಹಿಂಬದಿಯಲ್ಲಿ ನೀಲಿ ಶಾಯಿಯಲ್ಲಿ ನನ್ನದೇ ಅಕ್ಷರ: 400.

ಹೋದ ಭಾನುವಾರ ಹಳೆಯ ಲ್ಯಾಬ್ ನೋಟ್‌ಬುಕ್ಕುಗಳನ್ನು ರದ್ದಿಗೆ ಹಾಕೋಣವೆಂದು ತೆಗೆದಾಗ ಇದು ಒಂದರೊಳಗಿಂದ ಜಾರಿ ಪಾದದ ಮೇಲೆ ಬಿತ್ತು. ರದ್ದಿಯವನು ಬಾಗಿಲಲ್ಲಿ ತಕ್ಕಡಿ ಹಿಡಿದು ನಿಂತಿದ್ದ. "ಯೇ ಭೀ ದೇನಾ ಹೈ ಕ್ಯಾ?" ಎಂದ. ಇಲ್ಲ ಎಂದೆ. ಆಮೇಲೆ ನೋಟ್‌ಬುಕ್ಕುಗಳನ್ನೂ ಕೊಡಲಿಲ್ಲ. ಅವನು ಬೈದುಕೊಂಡು ಹೋದ, ಅಮ್ಮನೂ ಬೈದಳು. ಇಬ್ಬರಿಗೂ ಕಾರಣ ಹೇಳಲಿಲ್ಲ. ನಿಮಗೆ ಹೇಳುತ್ತೇನೆ.

ಬಡಗಿ ಮನೆಗೆ ಬಂದಿದ್ದಾಗ ನೀವು ಎಮರಿ ಕಾಗದ ನೋಡಿರುತ್ತೀರಿ. ಗಟ್ಟಿ ಕಾಗದಕ್ಕೆ ಹರಳಿನ ಪುಡಿ ಅಂಟಿಸಿರುತ್ತಾರೆ, ಅಷ್ಟೇ. ನಂಬರು ಚಿಕ್ಕದಾದರೆ ತರಿ ದಪ್ಪ, ದೊಡ್ಡದಾದರೆ ನಯ. ಎಂ.ಎಸ್ಸಿ. ಮುಗಿಸಿ ಪವಾಯಿಯ ಇಂಜಿನಿಯರಿಂಗ್ ಸಂಸ್ಥೆಯ ಲೋಹದ ಲ್ಯಾಬಿಗೆ ಸೇರಿದ ಮೇಲೆ ಎರಡು ವರ್ಷ ನನ್ನ ಬಾಳು ಈ ನಂಬರುಗಳ ಮೇಲೆಯೇ ನಡೆಯಿತು. ಬೆರಳುಗಾತ್ರದ ಲೋಹದ ತುಂಡನ್ನು ಮೊದಲು ಇನ್ನೂರ ಇಪ್ಪತ್ತರ ಮೇಲೆ ಉಜ್ಜಬೇಕು. ಆಮೇಲೆ ಮುನ್ನೂರ ಇಪ್ಪತ್ತು, ಆಮೇಲೆ ನಾನೂರು, ಆರುನೂರು. ಕಾಗದ ಬದಲಾಯಿಸಿದಾಗಲೆಲ್ಲ ತುಂಡನ್ನು ಕಾಲು ಸುತ್ತು ತಿರುಗಿಸಬೇಕು, ಹಿಂದಿನ ಗೀರುಗಳು ಪೂರ್ತಿ ಅಳಿಸಿಹೋಗುವ ತನಕ ಬಿಡಬಾರದು. ಕೊನೆಗೆ ಮಖಮಲ್ಲಿನ ಬಟ್ಟೆಯ ಮೇಲೆ ಬಿಳಿ ಪುಡಿಯ ನೀರು ಹಾಕಿ ತಿಕ್ಕಿದರೆ ಕನ್ನಡಿ. ಒಂದೇ ಒಂದು ಗೀರು ಉಳಿದರೂ ಮೈಕ್ರೋಸ್ಕೋಪಿನ ಕೆಳಗೆ ಅದು ಆಗ್ರಾ ರೋಡಿನಷ್ಟು ಅಗಲವಾಗಿ ಕಾಣುತ್ತದೆ. ನನ್ನ ತುಂಡುಗಳಲ್ಲಿ ಗೀರು ಇರುತ್ತಿರಲಿಲ್ಲ. ಇದನ್ನು ಜಂಬದಿಂದ ಹೇಳುತ್ತಿಲ್ಲ; ಜಂಬದಿಂದಲೇ ಹೇಳುತ್ತಿದ್ದೇನೆ.

ಆಂಟಾಪ್ ಹಿಲ್ಲಿನ ನಮ್ಮ ಬಿಲ್ಡಿಂಗಿನಲ್ಲಿ ಅಮ್ಮ ಇದನ್ನು ಬೇರೆ ರೀತಿ ಹೇಳುತ್ತಿದ್ದಳು. "ನಮ್ಮ ವಸು ಎಂ.ಎಸ್ಸಿ. ಮಾಡಿ ಪಾತ್ರೆ ತಿಕ್ಕೋ ಕೆಲಸಕ್ಕೆ ಸೇರ್ಕೊಂಡಿದಾಳೆ ಕಣ್ರೀ."

ಈಗ ಪದ್ಮತ್ತೆಯ ವಿಷಯ. ಅಪ್ಪನ ತಂಗಿ. ಒಂದು ವಿಮಾನ ಕಂಪನಿಯ ಟೆಲಿಫೋನ್ ವಿಭಾಗದಲ್ಲಿ ಮೇಲ್ವಿಚಾರಕಿ, ಅಂಧೇರಿಯಲ್ಲಿ ಕಂಪನಿಯ ಕ್ವಾರ್ಟರ್ಸಿನಲ್ಲಿ ಒಬ್ಬಳೇ ವಾಸ. ಮದುವೆ ಯಾಕಾಗಲಿಲ್ಲ ಎಂಬುದನ್ನು ನಮ್ಮ ಮನೆಯಲ್ಲಿ ಮಾತಾಡುವುದಿಲ್ಲ, ನಾನೂ ಇಲ್ಲಿ ಮಾತಾಡುವುದಿಲ್ಲ. ಮಾತಾಡಬೇಕಾದದ್ದು ಅವಳ ಬೌಲಿಂಗ್ ಬಗ್ಗೆ. ಬೌಲಿಂಗ್ ಎಂದರೆ ಕ್ರಿಕೆಟ್ಟಿನದಲ್ಲ. ನಮ್ಮಪ್ಪ ಮೊದಲ ಸಲ ಕೇಳಿದಾಗ "ಫಾಸ್ಟೋ ಸ್ಪಿನ್ನೋ?" ಎಂದು ವಿಚಾರಿಸಿದ್ದರು. "ಸ್ಪಿನ್ನೇ ಕಣೋ ಅಣ್ಣಾ" ಎಂದಿದ್ದಳು ಅತ್ತೆ. ಅಪ್ಪ ಎರಡು ವರ್ಷ ಹಾಗೆಯೇ ನಂಬಿಕೊಂಡಿದ್ದರು.

ಅವಳ ಕಂಪನಿಯ ಸ್ಟಾಫ್ ಕ್ಲಬ್ಬಿನಲ್ಲಿ ಎರಡು ಲೇನುಗಳಿದ್ದವು. ಲೇನ್ ಎಂದರೆ ಸಣ್ಣ ಸಣ್ಣ ಹಲಗೆಗಳನ್ನು ಜೋಡಿಸಿ ಮಾಡಿದ, ಅರವತ್ತು ಅಡಿ ಉದ್ದದ ಮರದ ಹಾದಿ. ಎರಡೂ ಅಂಚಿಗೆ ಚರಂಡಿಯಂಥ ಕಾಲುವೆ, ಚೆಂಡು ಅದಕ್ಕೆ ಬಿದ್ದರೆ ಆ ಎಸೆತ ದಂಡ. ಆ ತುದಿಯಲ್ಲಿ ಬಾಟಲಿಯ ಆಕಾರದ ಹತ್ತು ಪಿನ್ನುಗಳು ನಿಂತಿರುತ್ತವೆ. ಈ ತುದಿಯಿಂದ ಚೆಂಡು ಉರುಳಿಸಿ ಅವನ್ನು ಬೀಳಿಸಬೇಕು. ಟ್ರೈನಿಂಗಿಗೆಂದು ಹೊರದೇಶಕ್ಕೆ ಹೋಗಿದ್ದ ಅತ್ತೆ ಈ ವಿದ್ಯೆ ಕಲಿತು ಬಂದಿದ್ದಳು. ಬರುವಾಗ ಎಲ್ಲರೂ ಸೆಂಟು, ಚಾಕೊಲೇಟು ತಂದರೆ ಇವಳು ತಂದದ್ದು ಐದೂವರೆ ಕಿಲೋದ ಒಂದು ಚೆಂಡು. ಕಡುಗೆಂಪು ಬಣ್ಣ, ಹೊಸ ಬಗೆಯ ಪ್ಲಾಸ್ಟಿಕ್ಕು, ಅವಳ ಬೆರಳಿಗೇ ಅಳತೆ ಮಾಡಿ ಕೊರೆದ ಮೂರು ತೂತು. ಸೀರೆಯ ನೆರಿಗೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಕ್ಲಬ್ಬಿನ ಗಂಡಸರ ಬೂಟಿನ ತುದಿಗೆ ಹತ್ತಿ ತುರುಕಿಕೊಂಡು, ನಾಲ್ಕು ಹೆಜ್ಜೆ ಓಡಿ ಅವಳು ಚೆಂಡು ಬಿಟ್ಟಳೆಂದರೆ ಅದು ಬಲಗಡೆಯ ಅಂಚಿನಲ್ಲೇ ಹೋಗುತ್ತಿತ್ತು. ಬಿತ್ತು ಚರಂಡಿಗೆ ಎಂದು ನಾವು ಅಂದುಕೊಳ್ಳುವಾಗ ಏನೋ ನೆನಪಾದವರಂತೆ ತಟಕ್ಕನೆ ಎಡಕ್ಕೆ ಹೊರಳಿ, ಮುಂದಿನ ಪಿನ್ನಿಗೂ ಅದರ ಪಕ್ಕದ ಪಿನ್ನಿಗೂ ನಡುವೆ ನುಗ್ಗುತ್ತಿತ್ತು. ಹತ್ತು ಪಿನ್ನು ಒಟ್ಟಿಗೆ ಬೀಳುವ ಆ ಸದ್ದು! ನಾನು ಜೋರಾಗಿ ನಗುವವಳಲ್ಲ. ಆ ಸದ್ದಿಗೆ ನಗುತ್ತಿದ್ದೆ.

ಕ್ಲಬ್ಬಿನ ಹಾಲಿನಲ್ಲಿ ಒಂದು ತೇಗದ ಫಲಕ. ಪ್ರತಿ ವರ್ಷದ ಗೆದ್ದವರ ಹೆಸರು ಚಿನ್ನದ ಬಣ್ಣದಲ್ಲಿ. ಎಲ್ಲ ಗಂಡಸರೇ. ಅದರಲ್ಲಿ ನಾಲ್ಕು ಸಲ ಒಂದೇ ಹೆಸರು, ಅಕೌಂಟ್ಸಿನ ಬಿಲಿಮೋರಿಯಾ ಸಾಹೇಬರದು. ಅವರೇ ಕ್ಲಬ್ಬಿನ ಸೆಕ್ರೆಟರಿ. ಅವರು ಗೆದ್ದ ನಾಲ್ಕರಲ್ಲಿ ಮೂರು ಸಲ ಎರಡನೆಯವಳಾಗಿ ಬಂದವಳು ಪದ್ಮತ್ತೆ. ಎರಡನೆಯವರ ಹೆಸರು ಫಲಕಕ್ಕೆ ಹತ್ತುವುದಿಲ್ಲ.

ಆ ವರ್ಷ ಅತ್ತೆಗೆ ಹೈದರಾಬಾದಿಗೆ ವರ್ಗವಾಯಿತು. ತಿಂಗಳ ಕೊನೆಗೆ ಹೊರಡಬೇಕು. ಅಲ್ಲಿ ಲೇನ್ ಇಲ್ಲ. ಫೈನಲ್ ಇದ್ದದ್ದು ಅದಕ್ಕೆ ಒಂದು ವಾರ ಮೊದಲಿನ ಶನಿವಾರ.

"ಇದೊಂದ್ಸಲ ಆ ಹಲಗೆ ಮೇಲೆ ಹತ್ಬಿಡ್ಬೇಕು ಕಣೇ ವಸು," ಎಂದಳು ಮಂಗಳವಾರ ಸಂಜೆ ಮನೆಗೆ ಬಂದವಳು. "ಆಮೇಲೆ ಹೈದರಾಬಾದೋ, ಹರಪ್ಪಾನೋ, ಎಲ್ಲಿಗೆ ಹಾಕಿದ್ರೂ ಹೋಗ್ತೀನಿ." ಚೆಂಡಿನ ಚೀಲವನ್ನು ನನ್ನ ತೊಡೆಯ ಮೇಲಿಟ್ಟಳು. "ನೋಡು, ಹ್ಯಾಗಾಗಿದೆ ಮೈಯೆಲ್ಲಾ. ಎಣ್ಣೆ, ಜಿಡ್ಡು, ಗೀರು. ನಿಮ್ಮ ಲ್ಯಾಬಲ್ಲಿ ಏನೇನೋ ಇರತ್ತಲ್ಲ, ಸ್ವಲ್ಪ ಒರೆಸಿ ಕೊಡ್ತೀಯಾ?"

ಒರೆಸಿ ಕೊಡು ಎಂದಿದ್ದಳು. ಅಷ್ಟೇ ಅಂದಿದ್ದಳು.

ಬುಧವಾರ ತರಕಾರಿ ಚೀಲದಲ್ಲಿ ಚೆಂಡು ಹಾಕಿಕೊಂಡು ಹಾರ್ಬರ್ ಲೈನಿನ ಲೋಕಲ್ ಹತ್ತಿದೆ. ಲೇಡೀಸ್ ಡಬ್ಬಿಯಲ್ಲಿ ಎದುರು ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದ ಹೆಂಗಸಿಗೆ ನನ್ನ ತೊಡೆಯ ಮೇಲಿನ ಗುಂಡಗಿನ ಭಾರ ಕುತೂಹಲ ಹುಟ್ಟಿಸಿತು.

"ಕಾಯ್ ಗ, ಕಲಿಂಗಡ್?"

ಕಲ್ಲಂಗಡಿಯಾ ಎಂದು ಕೇಳುತ್ತಿದ್ದಾಳೆ. ಕುರ್ಲಾ ಬರುವುದರೊಳಗೆ ಬೌಲಿಂಗ್ ಎಂದರೇನೆಂದು ನನ್ನ ಮರಾಠಿಯಲ್ಲಿ ವಿವರಿಸುವುದಕ್ಕಿಂತ ಹೌದು ಎನ್ನುವುದು ಸುಲಭವಾಗಿತ್ತು. ಹೌದು ಎಂದೆ. ಅವಳು ಸೊಪ್ಪು ಬದಿಗಿಟ್ಟು ಚೀಲದ ಮೇಲಿಂದಲೇ ಬೆರಳ ಗೆಣ್ಣಿನಿಂದ ಎರಡು ಸಲ ಬಡಿದು, ಕಿವಿಯಿಟ್ಟು ಕೇಳಿ, ತಲೆಯಾಡಿಸಿದಳು.

"ಕಚ್ಚಾ ಆಹೆ ಗ. ಫಸವ್ಲಂ ತುಲಾ."

ಕಾಯಿ ಕೊಟ್ಟು ಮೋಸ ಮಾಡಿದ್ದಾರಂತೆ. ಅಕ್ಕಪಕ್ಕದವರೆಲ್ಲ ಮರುಗಿದರು. ಕುರ್ಲಾದಲ್ಲಿ ಗಾಡಿ ಬದಲಾಯಿಸಿದಾಗ ನನ್ನ ಕಿವಿ ಇನ್ನೂ ಬಿಸಿಯಾಗಿತ್ತು.

ಲ್ಯಾಬಿನಲ್ಲಿ ಮೊದಲು ಸ್ಪಿರಿಟ್ಟಿನಿಂದ ಜಿಡ್ಡು ತೆಗೆದೆ. ಜಿಡ್ಡು ಹೋದ ಮೇಲೆ ಗೀರುಗಳು ಇನ್ನೂ ಸ್ಪಷ್ಟವಾಗಿ ಕಂಡವು. ಸಾವಿರಾರು, ಎಲ್ಲ ದಿಕ್ಕಿಗೂ. ನನ್ನಂಥವಳಿಗೆ ಅದನ್ನು ನೋಡಿ ಸುಮ್ಮನಿರುವುದು ಸಾಧ್ಯವೇ ಇಲ್ಲ. ಊಟಕ್ಕೆ ಹೋಗಲಿಲ್ಲ. ಆರುನೂರರಿಂದ ಶುರುಮಾಡಿದೆ, ಮಖಮಲ್ಲಿಗೆ ಬಂದೆ, ಬಿಳಿ ಪುಡಿಯ ನೀರು ಹನಿಸುತ್ತ ಹನಿಸುತ್ತ ತಿಕ್ಕಿದೆ. ಸಂಜೆ ನಾಲ್ಕಕ್ಕೆ ಆ ಚೆಂಡಿನೊಳಗೆ ಛಾವಣಿಯ ಎರಡು ಟ್ಯೂಬ್‌ಲೈಟುಗಳೂ, ಅವುಗಳ ನಡುವಿನ ಫ್ಯಾನೂ, ಫ್ಯಾನಿನ ಕೆಳಗೆ ನಾನೂ ಕಾಣಿಸುತ್ತಿದ್ದೆವು. ಅತ್ತೆಗೆ ಬಾಯಲ್ಲಿ ಹೇಳಲಾರದ್ದನ್ನೆಲ್ಲ ಹೀಗೆ ಕೊಡುತ್ತಿದ್ದೇನೆ ಅನಿಸಿತು.

ಗುರುವಾರ ಸಂಜೆ ಕ್ಲಬ್ಬಿನಲ್ಲಿ ಚೀಲ ಬಿಚ್ಚಿದಾಗ ಅತ್ತೆ ಎರಡೂ ಕೈಯನ್ನು ಕೆನ್ನೆಗೆ ಒತ್ತಿಕೊಂಡಳು. "ಅಯ್ಯೋ ನನ್ನ ಬಂಗಾರವೇ! ಮದುವೆ ಹೆಣ್ಣಿನ ಹಾಗೆ ಮಾಡಿದೀಯಲ್ಲೇ!"

ಬಿಲಿಮೋರಿಯಾ ಸಾಹೇಬರು ಬಂದು ಬಗ್ಗಿ ನೋಡಿ ಗಲ್ಲ ಸವರಿಕೊಂಡರು. "ಅರೆ ಪದ್ಮಾಜೀ, ಯೇ ಬಾಲ್ ಹೈ ಕಿ ಆಯ್ನಾ? ಕಲ್ ಸೇ ಮೈ ಇಧರ್ ಹೀ ಶೇವ್ ಕರೂಂಗಾ."

ಕನ್ನಡಿ ಎಂಬ ಮಾತು ಕೇಳಿ ನಾನು ಉಬ್ಬಿಹೋದೆ. ಅತ್ತೆ ನಾಲ್ಕು ಹೆಜ್ಜೆ ಓಡಿ ಚೆಂಡು ಬಿಟ್ಟಳು. ಅದು ಬಲಗಡೆಯ ಅಂಚಿನಲ್ಲಿ ಹೋಯಿತು. ಹೋಯಿತು. ಹೋಗುತ್ತಲೇ ಇತ್ತು. ಬಚ್ಚಲ ಕಲ್ಲಿನ ಮೇಲೆ ಕೈಜಾರಿದ ಸೋಪಿನ ಹಾಗೆ ನುಣ್ಣಗೆ, ನೆಟ್ಟಗೆ ಹೋಗಿ, ಬಲ ಮೂಲೆಯ ಒಂದೇ ಪಿನ್ನನ್ನು ಬೀಳಿಸಿ ಕತ್ತಲಲ್ಲಿ ಮಾಯವಾಯಿತು. ಎರಡನೆಯದು ಚರಂಡಿಗೆ. ಮೂರನೆಯದೂ ಚರಂಡಿಗೆ.

ಲೇನ್ ನೋಡಿಕೊಳ್ಳುವ ಬಸಪ್ಪ ಎಣ್ಣೆಬಟ್ಟೆ ಕಟ್ಟಿದ ಉದ್ದ ಕೋಲು ಹಿಡಿದು ಪಕ್ಕದಲ್ಲೇ ನಿಂತಿದ್ದ. ವಿಜಾಪುರದ ಕಡೆಯವನು, ನನ್ನಪ್ಪನ ವಯಸ್ಸಿನವನು. ಇಬ್ಬರು ಮೈಸೂರಿನ ಹೆಂಗಸರು ಎದುರಿಗಿದ್ದರೆ ಅವನಿಗೆ ಎಲ್ಲಿಲ್ಲದ ಹುಮ್ಮಸ್ಸು.

"ಅಕ್ಕಾರ, ಬಾಲಿಗೆ ಹುಣಸೀಹಣ್ಣು ಹಚ್ಚಿ ತಿಕ್ಕೀರೇನ್ರೀ? ಮದ್ಲ ಎಣ್ಣಿ ದಾಟಿದ ಕೂಡ್ಲೆ ಎಮ್ಮಿ ಮನೀ ಕಡೆ ಹೊಳ್ಳಿದಂಗ ಹೊಳ್ಳತಿತ್ತು. ಈಗ ನೋಡ್ರಿ, ಕಲ್ಯಾಣ ಫಾಸ್ಟ್ ಆಗೇತಿ. ನಡುವ ಎಲ್ಲೂ ನಿಂದ್ರಂಗಿಲ್ಲ."

ಎಣ್ಣೆ ಎಂದು ಅವನು ಹೇಳಿದಾಗಲೇ ನನಗೆ ಹೊಳೆಯಬೇಕಿತ್ತು. ಮರ ಹಾಳಾಗದಿರಲಿ ಎಂದು ಲೇನಿನ ಮುಂದಿನ ಅರ್ಧಕ್ಕೂ ಹೆಚ್ಚು ಭಾಗಕ್ಕೆ ಎಣ್ಣೆ ಸವರಿರುತ್ತಾರೆ, ಕೊನೆಯ ಭಾಗ ಒಣಗಿರುತ್ತದೆ. ಚೆಂಡು ಎಣ್ಣೆಯ ಮೇಲೆ ಜಾರಿ, ಒಣ ಮರ ಸಿಕ್ಕಾಗ ಹಿಡಿತ ಸಿಕ್ಕಿ ತಿರುಗುತ್ತದೆ. ಘರ್ಷಣೆ! ಆ ವಿಷಯದ ಪತ್ರಿಕೆಯಲ್ಲಿ ಇಡೀ ತರಗತಿಗೆ ಹೆಚ್ಚು ಅಂಕ ತೆಗೆದವಳು ನಾನು. ಆದರೆ ಅಂದು ನನ್ನ ತಲೆಯಲ್ಲಿದ್ದದ್ದು ಒಂದೇ: ಇಷ್ಟು ಚೆನ್ನಾಗಿರುವ ಚೆಂಡು ಹೀಗೆ ಯಾಕೆ ಮಾಡುತ್ತಿದೆ?

"ಶನಿವಾರ ಎಣ್ಣಿ ಇನ್ನೂ ದಪ್ಪ ಬೀಳತೈತ್ರೀ," ಎಂದ ಬಸಪ್ಪ. "ಸಾಹೇಬ್ರು ಹೇಳ್ಯಾರ. ಎಲ್ಲಾರಿಗೂ ಹೇಳಾಕತ್ತೀನಿ, ನಿಮಗೂ ಹೇಳಿದೆ."

ಬಿಲಿಮೋರಿಯಾ ಸಾಹೇಬರು ಗೋಡೆಗೆ ಮೊಳೆ ಹೊಡೆದ ಹಾಗೆ ನೇರ ಎಸೆಯುವವರು. ಎಣ್ಣೆ ಎಷ್ಟಿದ್ದರೂ ಅವರಿಗೆ ಒಂದೇ.

ಅತ್ತೆ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸ್ಟೇಷನ್ನಿಗೆ ಬಿಡಲು ಬಂದವಳು ದಾರಿಯಲ್ಲಿ, "ಹೈದರಾಬಾದಲ್ಲಿ ಟೆರೇಸ್ ಇರೋ ಕ್ವಾರ್ಟರ್ಸ್ ಕೊಡ್ತಾರಂತೆ. ಟೊಮ್ಯಾಟೊ ಹಾಕ್ಬೇಕು," ಎಂದಳು. ಚೆಂಡನ್ನು ನನ್ನ ಹತ್ತಿರವೇ ಬಿಟ್ಟಳು. ಕೇಳುವುದಕ್ಕೂ ನನಗೆ ಧೈರ್ಯ ಬರಲಿಲ್ಲ.

ಶುಕ್ರವಾರ ರಜೆ ಹಾಕಿದೆ. ಹೊಟ್ಟೆನೋವು ಎಂದೆ, ಅದು ಸುಳ್ಳೂ ಆಗಿರಲಿಲ್ಲ. ಒಂಬತ್ತೂವರೆಗೆ ಕೆಳಗಿನಿಂದ ಕೂಗು ಕೇಳಿತು. "ಟಾಕೀಯೇ... ಪಾಟಾ ವರವಂಟ್ಯಾಲಾ ಟಾಕೀಯೇ..."

ಇಲ್ಲಿ ಸ್ವಲ್ಪ ನಿಲ್ಲಬೇಕು. ಮರಾಠಿಯಲ್ಲಿ ಟಾಕಿ ಎಂದರೆ ನೀರಿನ ಟ್ಯಾಂಕೂ ಹೌದು, ರುಬ್ಬುವ ಕಲ್ಲಿಗೆ ಹೊಡೆಯುವ ಉಳಿಯೂ ಹೌದು. ಮುಂಬಯಿಗೆ ಬಂದ ಹೊಸದರಲ್ಲಿ ಅಮ್ಮನಿಗೆ ಗೊತ್ತಿದ್ದದ್ದು ಮೊದಲನೆಯದು ಮಾತ್ರ. ಹೆಂಗಸೊಬ್ಬಳು ಬಾಗಿಲಿಗೆ ಬಂದು "ಟಾಕಿ?" ಎಂದಾಗ, ಇವಳು ಟ್ಯಾಂಕ್ ತೊಳೆಯುವವಳೆಂದು ಅಮ್ಮ ಬೆರಳು ಮೇಲೆತ್ತಿ, "ಹಮಾರಾ ಟಾಕಿ ಊಪರ್ ಹೈ" ಎಂದು ಟೆರೇಸಿಗೆ ಕಳಿಸಿಬಿಟ್ಟಿದ್ದಳು. ಅರ್ಧ ಗಂಟೆ ಕಳೆದರೂ ಇಳಿದು ಬರಲಿಲ್ಲವೆಂದು ನನ್ನನ್ನು ಅಟ್ಟಿದಳು. ನನಗಾಗ ಏಳು ವರ್ಷ. ಹೋಗಿ ನೋಡಿದರೆ ಅವಳು ಟ್ಯಾಂಕಿನ ನೆರಳಲ್ಲಿ ಉಳಿ ಸುತ್ತಿಗೆ ಮುಂದಿಟ್ಟುಕೊಂಡು, ಕಲ್ಲು ಯಾವಾಗ ಬರುತ್ತದೆಂದು ಕಾಯುತ್ತ ಕೂತಿದ್ದಳು. ಅಂದಿನಿಂದ ಅವಳಿಗೂ ಅಮ್ಮನಿಗೂ ಸ್ನೇಹ. ಪ್ರತಿಸಲ ಬಂದಾಗ, ಇವತ್ತು ಮೇಲೋ ಕೆಳಗೋ ಎಂಬುದೇ ಅವಳ ಮೊದಲ ಮಾತು, "ಬಾಯೀ, ಆಜ್ ಊಪರ್ ಕಿ ನೀಚೇ?"

ಅಂದೂ ಹಾಗೆಯೇ ಕೇಳಿ, ನಕ್ಕು, ಅಡುಗೆಮನೆಯ ಮೂಲೆಯಲ್ಲಿ ಒರಳಿನ ಮುಂದೆ ಕೂತಳು. ಮಿಕ್ಸಿ ಬಂದು ವರ್ಷಗಳಾಗಿದ್ದರೂ ಅಮ್ಮನ ಇಡ್ಲಿಗೆ ಒರಳೇ ಆಗಬೇಕು. "ಹದಿನೈದು ದಿನದಿಂದ ಒದ್ದಾಡ್ತಿದೀನಿ," ಎಂದು ಅಮ್ಮ ಹೇಳುತ್ತಿದ್ದದ್ದು ನನಗೋ, ಅವಳಿಗೋ, ಒರಳಿಗೋ ತಿಳಿಯಲಿಲ್ಲ. "ಎಷ್ಟು ತಿರುಗಿಸಿದ್ರೂ ಅಕ್ಕಿ ಜಾರ್ಕೊಂಡ್ ಜಾರ್ಕೊಂಡ್ ಹೋಗತ್ತೇ ಹೊರ್ತು ರುಬ್ಬೋದೇ ಇಲ್ಲ. ಕಲ್ಲು ನುಣ್ಣಗಾದ್ರೆ ಏನು ಬಂತು ಭಾಗ್ಯ? ಮುಖ ನೋಡ್ಕೊಳಕ್ಕಾ? ಮುಳ್ಳು ಹೊಡೆಸ್ಬೇಕು."

ಟಕ್, ಟಕ್, ಟಕ್. ಉಳಿ ಬಿದ್ದಲ್ಲೆಲ್ಲ ಸಣ್ಣ ಬಿಳಿ ಚುಕ್ಕೆ.

ನಾನು ಬಾಗಿಲಿಗೆ ಒರಗಿ ನಿಂತಿದ್ದವಳು ನೆಟ್ಟಗಾದೆ. ಜಾರ್ಕೊಂಡ್ ಜಾರ್ಕೊಂಡ್ ಹೋಗತ್ತೆ! ನುಣುಪಾದ ಚೆಂಡು ಎಣ್ಣೆಯ ಮೇಲೆ ತೇಲುತ್ತದೆ, ಮರವನ್ನು ಮುಟ್ಟುವುದೇ ಇಲ್ಲ. ಅತ್ತೆಯ ಚೆಂಡಿನ ಮೇಲಿದ್ದ ಸಾವಿರಾರು ಗೀರುಗಳು ಎಣ್ಣೆಯ ಪೊರೆಯನ್ನು ಕೊರೆದು ಮರವನ್ನು ಹಿಡಿಯುತ್ತಿದ್ದವು. ವರ್ಷಗಳ ಆಟ ತಾನೇ ಹೊಡೆದ ಮುಳ್ಳುಗಳವು. ನಾನು ಒಂದು ದಿನ ಪೂರ್ತಿ ಉಪವಾಸ ಕೂತು ಅವನ್ನೆಲ್ಲ ಅಳಿಸಿಹಾಕಿದ್ದೆ.

"ಅಮ್ಮಾ, ಚೆಂಡಿಗೂ ಮುಳ್ಳು ಹೊಡೀಬೇಕು!" ಎಂದೆ. ಬಹುಶಃ ಕಿರುಚಿದೆ.

ಟಾಕಿಯವಳು ಸುತ್ತಿಗೆ ನಿಲ್ಲಿಸಿ ಮೂಲೆಯಲ್ಲಿದ್ದ ಕೆಂಪು ಚೆಂಡನ್ನು ನೋಡಿದಳು. ಉಳಿಯನ್ನು ಅದರ ಕಡೆ ತಿರುಗಿಸಿ, "ಇಸ್ಕೋ ಭೀ ಮಾರೂಂ?" ಎಂದಳು. ನಾನು ಓಡಿಹೋಗಿ ಚೆಂಡನ್ನು ಅಪ್ಪಿ ಹಿಡಿದುಕೊಂಡೆ. ಅಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಂಡಳು.

ಹಾರ್ಡ್‌ವೇರ್ ಅಂಗಡಿಯಲ್ಲಿ ಇನ್ನೂರ ಇಪ್ಪತ್ತರಿಂದ ಆರುನೂರರವರೆಗೆ ಒಂದೊಂದು ಹಾಳೆ ಕೊಂಡೆ. "ಗಾಡಿ ಕಾ ಕಾಮ್ ಹೈ?" ಎಂದ ಅಂಗಡಿಯವನು, ಗಾಡಿಯ ಕೆಲಸಕ್ಕಾ ಎಂದು. ಕಲಿಂಗಡ್ ಕಾ, ಎನ್ನಬೇಕೆನಿಸಿತು. ಮನೆಗೆ ಬಂದು ಹಾಳೆಗಳನ್ನು ಕತ್ತರಿಸಿ, ಕತ್ತರಿಸಿದರೆ ಅಚ್ಚಾದ ನಂಬರು ಹೋಗುತ್ತದೆಂದು ತುಂಡು ತುಂಡಿನ ಹಿಂದೆಯೂ ಬರೆದೆ. ನೀರಿನ ಕೊಡ ಇಡುವ ಸಿಂಬಿಯ ಮೇಲೆ ಚೆಂಡು ಕೂರಿಸಿ, ಹೊಸ ಮುಳ್ಳಿನ ಒರಳಿನ ಪಕ್ಕದಲ್ಲೇ ಕೂತೆ. ಅಮ್ಮ ಒರಳಿಗೆ ಒಂದು ಹಿಡಿ ಅಕ್ಕಿ ಹಾಕಿ ರುಬ್ಬಿ ಹೊರಗೆ ಚೆಲ್ಲುತ್ತಿದ್ದಳು. ಮುಳ್ಳು ಹೊಡೆಸಿದ ಮೇಲಿನ ಮೊದಲ ಹಿಟ್ಟು ತಿನ್ನುವಂತಿಲ್ಲ, ಕಲ್ಲಿನ ಪುಡಿ ಇರುತ್ತದೆ. ನಾನು ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ: "ಮೊದಲ ನಾಲ್ಕು ಎಸೆತ ಲೆಕ್ಕಕ್ಕಿಲ್ಲ." ಇನ್ನೂರ ಇಪ್ಪತ್ತು ತೆಗೆದುಕೊಂಡು ಆ ಕನ್ನಡಿಯ ಮೇಲೆ ಮೊದಲ ಗೀರು ಎಳೆದಾಗ ಹಲ್ಲು ಕಚ್ಚಿಕೊಂಡಿದ್ದೆ.

ಸಂಜೆ ಕ್ಲಬ್ಬಿನಲ್ಲಿ ಅತ್ತೆ ಚೆಂಡು ನೋಡಿ ಕೂತೇಬಿಟ್ಟಳು. "ಇದೇನೇ ಇದು, ಕಜ್ಜಿ ಹಿಡಿದ ಹಾಗೆ!"

"ಉರುಳಿಸಿ, ಅತ್ತೆ."

ಬಸಪ್ಪನನ್ನು ಕೇಳಿಕೊಂಡಿದ್ದೆವು. ನಾಳೆ ಹಾಕುವಷ್ಟೇ ಎಣ್ಣೆಯನ್ನು ಒಂದು ಲೇನಿಗೆ ಹಾಕಿಕೊಟ್ಟಿದ್ದ. ಅತ್ತೆ ಬಿಟ್ಟಳು. ಚೆಂಡು ಅರ್ಧ ದಾರಿಗೂ ಮೊದಲೇ ಎಡಕ್ಕೆ ಹೊರಳಿತು, ಬೇಗನೆ ಹೊರಳಿದ್ದರಿಂದ ಇದ್ದ ಶಕ್ತಿಯನ್ನೆಲ್ಲ ದಾರಿಯಲ್ಲೇ ಕಳೆದುಕೊಂಡು, ಪಿನ್ನುಗಳ ಹತ್ತಿರ ಬರುವಾಗ ಸಂತೆಯಿಂದ ವಾಪಸಾದವರ ಹಾಗೆ ಸುಸ್ತಾಗಿ, ಎಡಗಡೆಯ ಮೂರನ್ನು ಮೆಲ್ಲಗೆ ಒರಗಿಸಿತು. ಆದರೆ ಹೊರಳಿತ್ತು! ಅತ್ತೆಯೂ ನಾನೂ ಒಬ್ಬರನ್ನೊಬ್ಬರು ನೋಡಿದೆವು. ನಮ್ಮ ಮನೆತನದಲ್ಲಿ ತಬ್ಬಿಕೊಳ್ಳುವ ಪದ್ಧತಿಯಿಲ್ಲ. ಅವಳು ನನ್ನ ಜಡೆ ಹಿಡಿದು ಎಳೆದಳು.

ಆಮೇಲಿನ ಎರಡು ಗಂಟೆ ನನ್ನ ಬದುಕಿನ ಅತ್ಯುತ್ತಮ ಪ್ರಯೋಗ. ಮುನ್ನೂರ ಇಪ್ಪತ್ತರಲ್ಲಿ ಉಜ್ಜಿದೆ, ಅವಳು ಆರು ಸಲ ಎಸೆದಳು. ಹೊರಳುವ ಜಾಗ ಸ್ವಲ್ಪ ಮುಂದೆ ಹೋಯಿತು. ಲೇನಿನ ಪಕ್ಕ ಬಸಪ್ಪ ನಡೆಯುತ್ತ ಎಲ್ಲಿ ಹೊರಳಿತೋ ಅಲ್ಲಿ ಕಾಲೂರಿ ನಿಲ್ಲುತ್ತಿದ್ದ. "ಇಲ್ಲೈತ್ರೀ!" ನಾನು ಬರೆದುಕೊಳ್ಳುತ್ತಿದ್ದೆ. ನಾನೂರರಲ್ಲಿ ಉಜ್ಜಿದೆ. ಚೆಂಡು ಎಣ್ಣೆಯ ಉದ್ದಕ್ಕೂ ಶಕ್ತಿ ಉಳಿಸಿಕೊಂಡು ಹೋಗಿ, ಒಣ ಮರ ಸಿಕ್ಕಿದ್ದೇ ತಡ ತಟಕ್ಕನೆ ಒಳಗೆ ನುಗ್ಗಿತು. ಆ ಸದ್ದು! ಬಸಪ್ಪ ಕೋಲು ಮೇಲೆತ್ತಿ ಕುಣಿದ. ಮತ್ತೆ ಎಸೆದಳು, ಮತ್ತೆ ಅದೇ ಸದ್ದು.

ನನ್ನ ಕೈ ಅಭ್ಯಾಸಬಲದಿಂದ ಆರುನೂರರ ತುಂಡನ್ನು ಎತ್ತಿಕೊಂಡಿತ್ತು. ಎರಡು ವರ್ಷದಲ್ಲಿ ಒಂದು ಸಲವೂ ನಾನೂರರಲ್ಲಿ ನಿಲ್ಲಿಸಿದವಳಲ್ಲ ನಾನು.

"ಏಯ್, ಇಡೇ ಕೆಳಗೆ ಅದನ್ನ!" ಎಂದಳು ಅತ್ತೆ.

ಇಟ್ಟೆ.

ಶನಿವಾರ ಹಾಲಿನ ತುಂಬ ಜನ. ಮೂರು ಆಟ, ಮೂರರ ಮೊತ್ತ. ಆಟ ಶುರುವಾದ ಮೇಲೆ ಚೆಂಡನ್ನು ಒಣಬಟ್ಟೆಯಲ್ಲಿ ಒರೆಸಬಹುದೇ ಹೊರತು ಕಾಗದ ಮುಟ್ಟಿಸುವಂತಿಲ್ಲ. ನಾನು ನೋಟ್‌ಬುಕ್ಕನ್ನು ಎದೆಗೆ ಒತ್ತಿಕೊಂಡು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಎರಡು ಆಟ ಮುಗಿದಾಗ ಅತ್ತೆ ಬಿಲಿಮೋರಿಯಾ ಸಾಹೇಬರಿಗಿಂತ ಹನ್ನೊಂದು ಮುಂದಿದ್ದಳು. ಉಳಿದವರೆಲ್ಲ ಬಹಳ ಹಿಂದೆ. ಸಾಹೇಬರು ಟೈ ಸಡಿಲಿಸಿದರು.

ಮೂರನೆಯ ಆಟದಲ್ಲಿ ಅತ್ತೆಯ ಚೆಂಡು ಇದ್ದಕ್ಕಿದ್ದಂತೆ ಬೇಗ ಹೊರಳತೊಡಗಿತು. ಒಂದು ಸಲ ಐದು, ಒಂದು ಸಲ ಆರು. ಅವಳು ಚೆಂಡನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಚೆಂಡು ಅದೇ ಇತ್ತು, ಬದಲಾದದ್ದು ಲೇನು. ಒಂದೇ ಜಾಡಿನಲ್ಲಿ ಅಷ್ಟು ಸಲ ಉರುಳಿದ ಚೆಂಡು ಅಲ್ಲಿಯ ಎಣ್ಣೆಯನ್ನೆಲ್ಲ ಒರೆಸಿಹಾಕಿತ್ತು. ಎಣ್ಣೆ ಇನ್ನೂ ಉಳಿದಿದ್ದದ್ದು ಆ ಜಾಡಿನ ಎಡಗಡೆಗೆ. ಇದು ನನಗೆ ಬೆಂಚಿನ ಮೇಲಿಂದ ಲೆಕ್ಕದ ಉತ್ತರದ ಹಾಗೆ ಸ್ಪಷ್ಟವಾಗಿ ಕಂಡಿತು. ಹೇಳುವುದು ಹೇಗೆ? ಅಷ್ಟು ಜನರ ನಡುವೆ ನಾನು ಬಾಯಿ ತೆರೆದವಳೇ ಅಲ್ಲ.

ಎದ್ದು ನಿಂತಿದ್ದೆ. "ಅತ್ತೇ! ಎರಡು ಹಲಗೆ ಎಡಕ್ಕೆ ಬನ್ನಿ!"

ಹಾಲಿನಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಕನ್ನಡ, ಯಾರಿಗೂ ತಿಳಿಯುವುದಿಲ್ಲ ಎಂದು ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ ಲೇನಿನ ಆ ತುದಿಯಿಂದ ಬಸಪ್ಪನ ದನಿ ಬಂತು. "ಎರಡು ಸಾಲಂಗಿಲ್ರೀ ಅಕ್ಕಾರ, ಮೂರು ಸರೀರಿ!"

"ಕ್ಯಾ ಬೋಲ್ತಾ ಹೈ ಯೇ ಲೋಗ್?" ಎಂದರು ಸಾಹೇಬರು.

"ಚಹಾ ಕೇಳ್ತಿದಾರೆ," ಎಂದು ಅತ್ತೆ ಕನ್ನಡದಲ್ಲೇ ಉತ್ತರಿಸಿ, ಮೂರು ಹಲಗೆ ಎಡಕ್ಕೆ ಸರಿದು ನಿಂತಳು.

ಮುಂದಿನದು ಹತ್ತು. ಅದರ ಮುಂದಿನದು ಒಂಬತ್ತು, ಉಳಿದ ಒಂದನ್ನೂ ಎರಡನೆಯ ಎಸೆತದಲ್ಲಿ ಬೀಳಿಸಿದಳು. ಸಾಹೇಬರ ಆಟ ಮುಗಿಯಿತು. ಅತ್ತೆಗೆ ಉಳಿದದ್ದು ಕೊನೆಯ ಸರದಿ. ಮೊದಲ ಎಸೆತಕ್ಕೇ ಹತ್ತೂ ಬೀಳದಿದ್ದರೆ ಮತ್ತೆ ಎರಡನೆಯವಳು. ಅವಳು ಸೆರಗು ಬಿಗಿದು ಸಿಕ್ಕಿಸಿಕೊಂಡಳು, ನನ್ನ ಕಡೆ ನೋಡಲಿಲ್ಲ. ನಾಲ್ಕು ಹೆಜ್ಜೆ. ಚೆಂಡು ಬಲಗಡೆಗೆ ಹೋಯಿತು, ಹೋಯಿತು, ಹೊರಳಿತು. ಒಂಬತ್ತು ಬಿದ್ದವು. ಹತ್ತನೆಯದು ಬಲ ಮೂಲೆಯಲ್ಲಿ ಕುಡಿದವನ ಹಾಗೆ ಅತ್ತ ವಾಲಿತು, ಇತ್ತ ವಾಲಿತು, ಯೋಚಿಸಿತು, ಬಿತ್ತು.

ಆಮೇಲಿನದು ನನಗೆ ಸರಿಯಾಗಿ ನೆನಪಿಲ್ಲ. ನಾನು ಬೆಂಚಿನ ಮೇಲೆ ಹತ್ತಿದ್ದೆನಂತೆ. ಬಸಪ್ಪ ಹಾಗೆ ಹೇಳುತ್ತಾನೆ, ನಾನು ಒಪ್ಪುವುದಿಲ್ಲ.

ಬಿಲಿಮೋರಿಯಾ ಸಾಹೇಬರು ದೊಡ್ಡ ಮನುಷ್ಯರು. ಅತ್ತೆಯ ಕೈ ಕುಲುಕಿ, ಪೇಂಟರ್ ನಾಳೆ ಬೆಳಿಗ್ಗೆ ಬರುತ್ತಾನೆಂದು ಹೇಳಿ, ಚೀಟಿ ತೆಗೆದು ಬರೆದುಕೊಂಡರು. ಫಲಕದ ಉಳಿದ ಹೆಸರುಗಳ ಹಾಗೆಯೇ, ಇಂಗ್ಲಿಷಿನಲ್ಲಿ: ಪಿ. ಸುಬ್ಬರಾವ್.

ನಾನು ಅತ್ತೆಯ ಮುಖ ನೋಡಿದೆ. ಸುಬ್ಬರಾವ್ ಎಂಬುದು ನನ್ನ ತಾತನ ಹೆಸರು. ನಮ್ಮ ಕಡೆಯವರಿಗೆ ಸರ್‌ನೇಮ್ ಎಂಬುದಿಲ್ಲ. ಕೆಲಸಕ್ಕೆ ಸೇರಿದಾಗ ಫಾರಮ್ಮಿನ ಆ ಖಾನೆ ಖಾಲಿ ಬಿಡುವಂತಿಲ್ಲ ಎಂದರಂತೆ, ಇವಳು ತನ್ನ ಅಪ್ಪನ ಹೆಸರು ತುಂಬಿದಳಂತೆ. ಅಂದಿನಿಂದ ಆಫೀಸಿಗೆ ಅವಳು ಪಿ. ಸುಬ್ಬರಾವ್. ಫಲಕ ನೋಡಿದವರು ಇನ್ನೊಬ್ಬ ಗಂಡಸು ಗೆದ್ದ ಅಂದುಕೊಳ್ಳುತ್ತಾರೆ. ಹೆಣ್ಣುಮಕ್ಕಳು ಓಡಬಾರದು ಎಂದು ಅತ್ತೆಯನ್ನು ಶಾಲೆಯ ಆಟದಿಂದ ಬಿಡಿಸಿದ್ದ ನಂಜನಗೂಡಿನ ಸಂಸ್ಕೃತದ ಮೇಷ್ಟ್ರು ಸುಬ್ಬರಾವ್, ಮುಂಬಯಿಗೇ ಬರದೆ ಬೌಲಿಂಗ್ ಚಾಂಪಿಯನ್!

"ಇರ್ಲಿ ಬಿಡೇ," ಎಂದಳು ಅತ್ತೆ ಬೂಟಿನಿಂದ ಹತ್ತಿ ತೆಗೆಯುತ್ತ. "ನಂಗೆ ಗೊತ್ತಲ್ಲ, ನಾನೇ ಅಂತ." ಟೊಮ್ಯಾಟೊ ಗಿಡದ ಮಾತಾಡಿದ ದನಿಯಲ್ಲೇ ಅಂದಳು.

ಮರುದಿನ ಬೆಳಿಗ್ಗೆ ಅಮ್ಮನ ಹೊಸ ಮುಳ್ಳಿನ ಇಡ್ಲಿ ತಿನ್ನದೆ ಅಂಧೇರಿಗೆ ಹೋದೆ. ಹಾಲಿನಲ್ಲಿ ಪೇಂಟರ್ ಸ್ಟೂಲ್ ಹಾಕಿಕೊಂಡು ಫಲಕದ ಮೇಲೆ ಕುಂಚ ಆಡಿಸಿ, ಒರೆಸಿ, ಗೊಣಗುತ್ತಿದ್ದ. ಹೋದ ತಿಂಗಳು ಯಾರೋ ಫಲಕಕ್ಕೆ ಹೊಸದಾಗಿ ವಾರ್ನಿಷ್ ಹೊಡೆಸಿದ್ದರು. "ಪಕಡ್ತಾ ಹೀ ನಹೀ, ಮೇಮ್‌ಸಾಬ್. ಬಹುತ್ ಚಿಕ್ನಾ ಹೈ." ಬಹಳ ನುಣುಪು, ಬಣ್ಣ ಹಿಡಿಯುತ್ತಿಲ್ಲ.

ನಾನು ನೋಟ್‌ಬುಕ್ಕಿನಿಂದ ನಾನೂರರ ತುಂಡು ತೆಗೆದೆ. ಕೆಂಪಾಗಿದ್ದ ಅರ್ಧವನ್ನು ಒಳಕ್ಕೆ ಮಡಚಿ, ಹೊಸ ಅರ್ಧವನ್ನು ಹೊರಗೆ ಮಾಡಿಕೊಂಡೆ. ಅವನನ್ನು ಇಳಿಸಿ ಸ್ಟೂಲ್ ಹತ್ತಿದೆ. ಅವನ ಚೀಟಿಯನ್ನು ಗೋಡೆಗೆ ಒತ್ತಿ ಹಿಡಿದು, ಪಿ ಎಂಬ ಅಕ್ಷರ ಹೊಡೆದುಹಾಕಿ ಅದರ ಮೇಲೆ ಪೂರ್ತಿ ಹೆಸರು ಬರೆದುಕೊಟ್ಟೆ. ಆಮೇಲೆ ಉಜ್ಜತೊಡಗಿದೆ, ಅಂಚಿನಿಂದ ಶುರುಮಾಡಿ, ಒಂದೇ ಹದದಲ್ಲಿ. ಜೇನಿನ ಬಣ್ಣದ ಪುಡಿ ಕಾಗದಕ್ಕೆ ಮೆತ್ತಿಕೊಳ್ಳತೊಡಗಿತು.

"ಏಯ್ ಲಡ್ಕೀ, ಕ್ಯಾ ಕರ್ತೀ ಹೈ?" ಬಾಗಿಲಲ್ಲಿ ಬಿಲಿಮೋರಿಯಾ ಸಾಹೇಬರು, ಕಂಕುಳಲ್ಲಿ ಪೇಪರು.

"ಸರ್ಫೇಸ್ ತಯಾರ್ ಕರ್ ರಹೀ ಹೂಂ, ಸರ್."

ಅವರು ಹತ್ತಿರ ಬಂದರು. ಚೀಟಿ ನೋಡಿದರು, ಫಲಕದ ಮೇಲೆ ತಮ್ಮ ನಾಲ್ಕು ಹೆಸರುಗಳನ್ನು ನೋಡಿದರು, ನಾನು ಉಜ್ಜುತ್ತಿದ್ದ ಜಾಗದ ಉದ್ದ ನೋಡಿದರು.

"ಇತ್ನಾ ಲಂಬಾ?"

"ನಾಮ್ ಲಂಬಾ ಹೈ, ಸರ್. ಪದ್ಮಾವತಿ."

ಸಾಹೇಬರು ಪೇಪರನ್ನು ಪೇಂಟರ್ ಕೈಗೆ ಕೊಟ್ಟು, ಎರಡೂ ಕೈಯಲ್ಲಿ ಸ್ಟೂಲನ್ನು ಅಲುಗದ ಹಾಗೆ ಹಿಡಿದುಕೊಂಡರು. ನಾನು ಇನ್ನೂ ನಾಲ್ಕು ಬೆರಳು ಮುಂದಕ್ಕೆ ಉಜ್ಜಿದೆ.